ತುಣುಕುಗಳನ್ನು ಕಾಪಾಡಿಕೊಟ್ಟವರಿಗೆ

ಬೆಂಗಳೂರು ಮುಸ್ಲಿಮ್ಸ್ ಫುಟ್‌ಬಾಲ್ ತಂಡದ ಹಳೆಯ ಪತ್ರಿಕಾ ತುಣುಕುಗಳನ್ನು ಹೆಸರು ಹೇಳದೆ ತಲುಪಿಸಿದ ಹಿರಿಯರೇ, ಅಭಿಮಾನಿಗಳಾದ ನಮ್ಮೆಲ್ಲರ ನಮಸ್ಕಾರ.

ಮುಂಬಯಿಯ ಫುಟ್‌ಬಾಲ್ ಪಂದ್ಯಾವಳಿ ರೋವರ್ಸ್ ಕಪ್ 1891ರಲ್ಲಿ ಶುರುವಾದದ್ದು. ದಶಕಗಳ ಕಾಲ ಅದು ಬ್ರಿಟಿಷ್ ಸೇನಾ ತಂಡಗಳ ಕೈಯಲ್ಲೇ ಇತ್ತು. 1937ರ ಫೈನಲ್‌ನಲ್ಲಿ ಕಲ್ಕತ್ತೆಯ ಮೊಹಮ್ಮಡನ್ ಸ್ಪೋರ್ಟಿಂಗನ್ನು ಸೋಲಿಸಿ ಅದನ್ನು ಕಿತ್ತುಕೊಂಡದ್ದು ನಮ್ಮ ತಂಡ. 1938ರಲ್ಲಿ ಮತ್ತೆ, 1948ರಲ್ಲಿ ಮತ್ತೊಮ್ಮೆ ಗೆದ್ದಿತು. ಇಷ್ಟು ದೊಡ್ಡ ಚರಿತ್ರೆಗೆ ಊರಲ್ಲಿ ಉಳಿದಿರುವ ಕಾಗದ ಎಷ್ಟು ಕಡಿಮೆ!

ನೀವು ಮಾಡಿದ ಕೆಲಸದ ಅಚ್ಚುಕಟ್ಟು ನೋಡಿ ಮನಸ್ಸು ತುಂಬಿತು. ಲ್ಯಾಮಿನೇಷನ್ ಮಾಡಿಸಿಲ್ಲ, ಆ ಬಿಸಿಗೆ ಅಂಟಿದ ಪ್ಲಾಸ್ಟಿಕ್ಕನ್ನು ಆಮೇಲೆ ಬಿಡಿಸಲಾಗದು. ಸೆಲ್ಲೋಟೇಪ್ ಹಚ್ಚಿಲ್ಲ, ಅದರ ಅಂಟು ಹಳದಿಯಾಗಿ ಅಕ್ಷರಕ್ಕೇ ಇಳಿಯುತ್ತದೆ. ಸುದ್ದಿಕಾಗದದಲ್ಲಿ ಹುಟ್ಟುವ ಆಮ್ಲ ಪಕ್ಕದ ಹಾಳೆಯನ್ನೂ ಕಂದಿಸುತ್ತದೆಂದು ತಿಳಿದು, ಪ್ರತಿ ತುಣುಕಿನ ನಡುವೆ ಆಮ್ಲರಹಿತ ಹಾಳೆ ಇಟ್ಟಿದ್ದೀರಿ. ಫೋಟೋಗಳ ಹಿಂದೆ ಬರೆದದ್ದು ಮೆತ್ತನೆಯ ಪೆನ್ಸಿಲ್‌ನಲ್ಲಿ, ಅದೂ ಅಂಚಿನಲ್ಲಿ. ಬಾಲ್‌ಪೆನ್ ಆಗಿದ್ದರೆ ಒತ್ತಿದ ಗೆರೆ ಆಟಗಾರರ ಮುಖದ ಮೇಲೆ ಮೂಡುತ್ತಿತ್ತು.

ಎಲ್ಲಕ್ಕಿಂತ ಹೆಚ್ಚು ನೆರವಾದದ್ದು, ಪತ್ರಿಕೆಯ ದಿನಾಂಕವನ್ನೂ ಪಂದ್ಯದ ದಿನಾಂಕವನ್ನೂ ಬೇರೆಬೇರೆ ಬರೆದದ್ದು. ವರದಿ ಮರುದಿನ ಬರುತ್ತದೆ. ಪಂದ್ಯಗಳ ಪಟ್ಟಿಗಳಲ್ಲಿ ಒಂದು ದಿನದ ತಪ್ಪು ನುಸುಳುವುದು ಹೆಚ್ಚಾಗಿ ಅಲ್ಲೇ.

ಎಲ್ಲವನ್ನೂ 600 ಡಿಪಿಐನಲ್ಲಿ (ಅಂಗುಲಕ್ಕೆ 600 ಚುಕ್ಕಿ), ಬಣ್ಣದಲ್ಲೇ ಸ್ಕ್ಯಾನ್ ಮಾಡುತ್ತಿದ್ದೇವೆ. ವಿವರ ಕಳೆಯದ ಟಿಫ್ ಕಡತದ ಮೂಲಪ್ರತಿ ಎರಡು ಕಡೆ ಇರುತ್ತದೆ, ಹಂಚಲು ಚಿಕ್ಕ ಗಾತ್ರದ ಜೆಪಿಇಜಿ ಕಡತ. ಗುಂಪು ಫೋಟೋಗಳಲ್ಲಿ ಹಿಂದಿನ ಸಾಲಿನವರ ಹೆಸರು ಗೊತ್ತಿದ್ದರೆ, ಎಡದಿಂದ ಬಲಕ್ಕೆ ಬರೆದು ಕಳಿಸಿ.