ಎಂಟು ಕೆಜಿ ವಾಪಸ್ ಬಂದ ಮೇಲೂ ಜೊತೆಗಿದ್ದವರಿಗೆ

ಗ್ಯಾಸ್ಟ್ರಿಕ್ ಬೈಪಾಸ್, ಅಂದರೆ ತೂಕ ಇಳಿಸುವ ಹೊಟ್ಟೆಯ ಆಪರೇಷನ್, ಆಗಿ ಈ ತಿಂಗಳಿಗೆ ಹತ್ತು ವರ್ಷ. ಆಪರೇಷನ್ ದಿನ 118 ಕೆಜಿ ಇದ್ದೆ. ಒಂದೂವರೆ ವರ್ಷದಲ್ಲಿ 76ಕ್ಕೆ ಇಳಿದೆ. ಈಗ 84.

76 ಇದ್ದಾಗ ಹೊಗಳುವವರಿಗೆ ಏನೂ ಬರ ಇರಲಿಲ್ಲ. ಮದುವೆ ಹಾಲ್‌ಗೆ ಹೋದರೆ "ಗುರ್ತವೇ ಸಿಗ್ಲಿಲ್ಲ ಮಾರಾಯ್ತಿ" ಅಂತ ಕೈ ಹಿಡಿಯುತ್ತಿದ್ದರು. ಅವರೇ ಆಮೇಲೆ "ಪುನಃ ದಪ್ಪ ಆಗಿದ್ದೀಯಲ್ಲ" ಅಂದರು. ಇರಲಿ. ಈ ಥ್ಯಾಂಕ್ಸ್ ಆ ಎಂಟು ಕೆಜಿ ವಾಪಸ್ ಬಂದಾಗಲೂ ಜೊತೆಗಿದ್ದವರಿಗೆ. ಸರ್ಜನ್ ಡಾಕ್ಟರಿಗೆ ಹಿಂದೆಯೇ ಹೇಳಿ ಆಗಿದೆ. ನಮ್ಮವರ ಬಗ್ಗೆ ಇಲ್ಲಿ ಬರೆದರೆ ಬೈತಾರೆ, ಮನೆಯಲ್ಲೇ ಹೇಳಿದ್ದೇನೆ.

ಮೊದಲು ಡಯಟಿಷಿಯನ್ ಮೇಡಂಗೆ. ನಾಲ್ಕನೇ ವರ್ಷ ತೂಕ ಏರಲು ಶುರುವಾದಾಗ ಅವರೆದುರು ಅಳುಮುಖ ಮಾಡಿ ಕೂತಿದ್ದೆ. ಅವರು ಬೈಯಲೂ ಇಲ್ಲ, ಬೆನ್ನು ತಟ್ಟಲೂ ಇಲ್ಲ. ಅಮೆರಿಕದ ಯೂಟಾದಲ್ಲಿ 12 ವರ್ಷ ನಡೆದ ಅಧ್ಯಯನವೊಂದನ್ನು ಕಂಪ್ಯೂಟರ್‌ನಲ್ಲಿ ತೆರೆದು ತೋರಿಸಿದರು. 2017ರಲ್ಲಿ ಪ್ರಕಟವಾದದ್ದು. ಬೈಪಾಸ್ ಆದವರ ತೂಕ ಎರಡನೇ ವರ್ಷಕ್ಕೆ ಸರಾಸರಿ 45 ಕೆಜಿ ಇಳಿದಿತ್ತು. ಹನ್ನೆರಡನೇ ವರ್ಷಕ್ಕೆ ನೋಡಿದರೆ ಆ ಇಳಿಕೆ 35 ಕೆಜಿ. ಅಂದರೆ ಸ್ವಲ್ಪ ವಾಪಸ್ ಬರುತ್ತದೆ, ಜಾಸ್ತಿ ಭಾಗ ಬರುವುದಿಲ್ಲ. ಶುಗರ್ ಕೂಡ ಹಾಗೆಯೇ. ಡಯಾಬಿಟಿಸ್ ಇದ್ದು ಆಪರೇಷನ್ ಆದವರಲ್ಲಿ ಎರಡನೇ ವರ್ಷ ನಾಲ್ಕರಲ್ಲಿ ಮೂವರಿಗೆ ಅದು ಹೋಗಿತ್ತು, ಹನ್ನೆರಡನೇ ವರ್ಷಕ್ಕೆ ಅರ್ಧದಷ್ಟು ಜನರಿಗೆ. ಈಚೆಗೆ ನನಗೆ ಒಂದು ಸಣ್ಣ ಮಾತ್ರೆ ಪುನಃ ಶುರುವಾದಾಗ ನಾನು ಗಾಬರಿಯಾಗದೆ ಇದ್ದದ್ದು ಅವತ್ತಿನ ಆ ಲೆಕ್ಕದಿಂದಲೇ. ಮೊದಲು ಇನ್ಸುಲಿನ್ ಚುಚ್ಚಿಕೊಳ್ಳುತ್ತಿದ್ದವಳು ನಾನು, ಅಲ್ವಾ?

ಇನ್ನು ನಮ್ಮ ಅತ್ತೆ. ಈ ಆಪರೇಷನ್‌ನಲ್ಲಿ ಹೊಟ್ಟೆಯ ಮೇಲ್ಭಾಗದಲ್ಲಿ ಕೋಳಿಮೊಟ್ಟೆಯಷ್ಟು ಚೀಲ ಉಳಿಸಿ, ಅದನ್ನು ಸಣ್ಣ ಕರುಳಿನ ಮುಂದಿನ ಭಾಗಕ್ಕೆ ಜೋಡಿಸುತ್ತಾರೆ. ಅತ್ತೆಗೆ ಇದನ್ನು ಹೇಳಿದಾಗ "ದೇವರು ಕೊಟ್ಟದ್ದನ್ನು ಯಾಕೆ ಕತ್ತರಿಸುವುದು" ಅಂದಿದ್ದರು. ಆದರೆ ಮನೆಗೆ ಬಂದ ದಿನದಿಂದ ಕುಚ್ಚಲಕ್ಕಿ ಗಂಜಿಯ ತಿಳಿ ಸೋಸಿ ಕೊಟ್ಟವರು ಅವರೇ. ಮೊದಲು ಮೀನು, ಮೊಟ್ಟೆ, ಹೆಸರುಕಾಳು ತಿನ್ನಬೇಕು, ಅನ್ನ ಕೊನೆಗೆ. ಮಂಗಳೂರಿನ ಮನೆಯಲ್ಲಿ ಇದು ಸುಮ್ನೆ ಆಗುವ ಮಾತಲ್ಲ. ನನ್ನ ಬಟ್ಟಲಿಗೆ ಮೊದಲು ಬಂಗುಡೆ ಬೀಳುತ್ತದೆ, ಉಳಿದವರು ಅನ್ನಕ್ಕೆ ಸಾರು ಹಾಕಿ ಕಾಯುತ್ತಾರೆ. ಊಟದ ಜೊತೆ ನೀರು ಕುಡಿಯಬಾರದು ಅಂತ ಒಂದೇ ಒಂದು ಸಲ ಹೇಳಿದ್ದೆ. ನೆಂಟರ ಮನೆಯಲ್ಲೂ ನನ್ನೆದುರಿನ ಲೋಟವನ್ನು ಅತ್ತೆ ಇವತ್ತಿಗೂ ಎತ್ತಿ ಆಚೆ ಇಡುತ್ತಾರೆ.

ಮನೆ ಹತ್ತಿರದ ಮೆಡಿಕಲ್‌ನ ಅಣ್ಣನಿಗೂ ಥ್ಯಾಂಕ್ಸ್. ಮಂಡಿನೋವಿಗೆ ಐಬುಪ್ರೊಫೆನ್ ಕೇಳಿದರೆ ಕೊಡುವುದಿಲ್ಲ. ಅಂಥ ಮಾತ್ರೆಯಿಂದ ಕರುಳು ಜೋಡಿಸಿದ ಜಾಗದಲ್ಲಿ ಹುಣ್ಣಾಗಬಹುದು. "ನಿಮಗೆ ಪ್ಯಾರಾಸಿಟಮಾಲ್ ಮಾತ್ರ ಅಕ್ಕ" ಅಂತ ಮುಗಿಸಿಬಿಡುತ್ತಾನೆ.

ಕದ್ರಿ ಪಾರ್ಕ್‌ನ ಬೆಳಗಿನ ಗೆಳತಿಯರೇ, ನೀವು ಇಷ್ಟು ವರ್ಷದಲ್ಲಿ ನನ್ನ ತೂಕ ಕೇಳಿದ್ದೇ ಇಲ್ಲ. ಅಂಜಲ್ ಮೀನಿನ ರೇಟು, ಯಾರ ಮನೆಯಲ್ಲಿ ದೈವದ ನೇಮ, ಇಷ್ಟರಲ್ಲೇ ಎರಡು ಸುತ್ತು ಮುಗಿಯುತ್ತದೆ. ಆಟಿಯ ಮಳೆಯಲ್ಲೂ ಕೊಡೆ ಹಿಡಿದು ಬಂದಿರಿ. ತಮ್ಮನ ಮಕ್ಕಳಿಗೂ ಒಂದು ಥ್ಯಾಂಕ್ಸ್. ಸಿಹಿ ಜಾಸ್ತಿಯಾದರೆ ನನಗೆ ಬೆವರು ಬಂದು ಎದೆ ಡವಡವ ಅನ್ನುತ್ತದೆ, ಡಂಪಿಂಗ್ ಅಂತಾರೆ ಅದನ್ನು. ಅದಕ್ಕೆ ನನ್ನ ಗಡ್‌ಬಡ್ ಐಸ್‌ಕ್ರೀಮ್‌ನಲ್ಲಿ ಎರಡು ಚಮಚ ನನಗೆ ಬಿಟ್ಟು ಉಳಿದದ್ದನ್ನು ಅವರೇ ಮುಗಿಸುತ್ತಾರೆ. ಅವರಿಗೇನೂ ನಷ್ಟ ಇಲ್ಲ ಬಿಡಿ.

ಕೊನೆಗೆ ಆಸ್ಪತ್ರೆಯ ಸಿಸ್ಟರ್. ಬಿ12, ಕಬ್ಬಿಣ, ಕ್ಯಾಲ್ಸಿಯಂ, ವಿಟಮಿನ್ ಡಿ ಜೀವನಪೂರ್ತಿ ತಗೊಳ್ಳಬೇಕು, ವರ್ಷಕ್ಕೊಮ್ಮೆ ರಕ್ತಪರೀಕ್ಷೆ ಆಗಬೇಕು. ನಾನು ಮರೆತರೂ ನೀವು ಮರೆಯಲಿಲ್ಲ. ಈ ವರ್ಷದ್ದು ಬಾಕಿ ಇದೆ, ಗೊತ್ತು. ಸೋಮವಾರ ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಬರುತ್ತೇನೆ, ಫೋನ್ ಮಾಡಬೇಡಿ ಆಯ್ತಾ.