ನಮ್ಮ ಗ್ರಂಥಾಲಯದ ಹೊಸ ರೂಪಕ್ಕೆ ಕೈಜೋಡಿಸಿದವರಿಗೆ ಕೃತಜ್ಞತೆಗಳು

ಹಾಸನದ ನಮ್ಮ ಬಡಾವಣೆಯ ಸಾರ್ವಜನಿಕ ಗ್ರಂಥಾಲಯಕ್ಕೆಂದು ಹಮ್ಮಿಕೊಂಡಿದ್ದ ವಿನ್ಯಾಸದ ಕೆಲಸ ಮುಗಿದಿದೆ. ಗೇಟಿನ ಬಳಿಯ ಫಲಕ, ಒಳಗಿನ ಸೂಚನೆಗಳು, ಕಪಾಟಿನ ಚೀಟಿಗಳು, ಸದಸ್ಯತ್ವದ ಕಾರ್ಡು, ಪುಸ್ತಕಗಳಿಗೆ ಒತ್ತುವ ಮೊಹರು, ಇವೆಲ್ಲಕ್ಕೂ ಹೊಂದುವಂತಹ ಒಂದು ಲಾಂಛನ, ಎಲ್ಲವೂ ಈಗ ಬಳಕೆಯಲ್ಲಿವೆ. ವಿನ್ಯಾಸ ಮಾಡಿದವನೆಂದು ಹಲವರು ನನ್ನನ್ನು ಅಭಿನಂದಿಸಿದ್ದಾರೆ. ಆ ವಿಶ್ವಾಸಕ್ಕೆ ನಾನು ಋಣಿ. ಆದರೆ ನೀವು ಇದರಲ್ಲಿ ಏನನ್ನು ಮೆಚ್ಚಿಕೊಂಡಿದ್ದೀರೋ ಅದರ ಬಹುಪಾಲು ಗ್ರಂಥಾಲಯವನ್ನು ದಿನವೂ ಬಳಸುವವರಿಂದಲೂ ಅಲ್ಲಿ ದುಡಿಯುವವರಿಂದಲೂ ಬಂದದ್ದು. ಯಾರಿಂದ ಏನು ಬಂತು ಎಂಬುದನ್ನು ಹೇಳದೆ ಎಲ್ಲರಿಗೂ ಒಟ್ಟಾಗಿ ಒಂದು ವಂದನೆ ಸಲ್ಲಿಸಿ ಮುಗಿಸಲು ನನಗೆ ಮನಸ್ಸಿಲ್ಲ. ಹೆಸರು ಹಾಕುವುದು ಬೇಡವೆಂದು ಹೆಚ್ಚಿನವರು ಕೇಳಿಕೊಂಡಿರುವುದರಿಂದ ಅವರ ಕೆಲಸವನ್ನಷ್ಟೇ ಇಲ್ಲಿ ಬರೆಯುತ್ತಿದ್ದೇನೆ.

ಮೊದಲ ಕೃತಜ್ಞತೆ ನಮ್ಮ ಗ್ರಂಥಪಾಲಕರಿಗೆ. ವಿನ್ಯಾಸಕಾರರ ಬಳಿ ಬರುವವರು ಸಾಮಾನ್ಯವಾಗಿ ತಮಗೆ ಇಷ್ಟವಾದ ಬಣ್ಣವನ್ನೋ ಎಲ್ಲೋ ನೋಡಿದ ಲೋಗೋವನ್ನೋ ಮುಂದಿಟ್ಟು ಮಾತು ಶುರು ಮಾಡುತ್ತಾರೆ. ಮೇಡಂ ಹಾಗೆ ಮಾಡಲಿಲ್ಲ. ಹಳೆಯ ರಿಜಿಸ್ಟರಿನ ಖಾಲಿ ಹಾಳೆಯೊಂದರಲ್ಲಿ, ಕೌಂಟರಿಗೆ ಬಂದವರು ದಿನವಿಡೀ ಕೇಳುವ ಪ್ರಶ್ನೆಗಳನ್ನು ಅವರು ಕೇಳಿದ ಮಾತಿನಲ್ಲೇ ಬರೆದು ನನ್ನ ಕೈಗೆ ಕೊಟ್ಟರು. "ಒಳಗೆ ಬರಬಹುದಾ?", "ಪೇಪರ್ ಓದೋಕೆ ದುಡ್ಡು ಕಟ್ಟಬೇಕಾ?", "ಕಾದಂಬರಿ ಎಲ್ಲಿಟ್ಟಿದ್ದೀರ?", "ಮನೆಗೆ ಕೊಡ್ತೀರ?", "ಮಕ್ಕಳನ್ನ ಕರ್ಕೊಂಡ್ ಬರಬಹುದಾ?" ಆ ಹಾಳೆಯೇ ನಮ್ಮ ಇಡೀ ಕೆಲಸದ ನಕ್ಷೆಯಾಯಿತು. ಯಾವ ಪ್ರಶ್ನೆಗೆ ಗೋಡೆಯೇ ಉತ್ತರ ಹೇಳಬಲ್ಲದೋ ಅದನ್ನು ಓದುಗರು ಯಾರನ್ನೂ ಕೇಳಬೇಕಾಗಬಾರದು ಎಂಬುದು ಅವರ ನಿಲುವು. ಭಾರತದ ಗ್ರಂಥಾಲಯ ವಿಜ್ಞಾನಕ್ಕೆ ತಳಹದಿ ಹಾಕಿದ, ತಮ್ಮ ಕೊನೆಯ ವರ್ಷಗಳನ್ನು ಬೆಂಗಳೂರಿನಲ್ಲಿ ಕಳೆದ ಎಸ್. ಆರ್. ರಂಗನಾಥನ್ ಅವರು 1931ರಲ್ಲಿ ಪ್ರಕಟಿಸಿದ ಐದು ಸೂತ್ರಗಳಲ್ಲಿ ನಾಲ್ಕನೆಯದು ಓದುಗರ ಸಮಯವನ್ನು ಉಳಿಸಬೇಕೆಂದು ಹೇಳುತ್ತದೆ. ಗ್ರಾಫಿಕ್ ಡಿಸೈನ್ ಎಂದು ನಾವು ಕರೆಯುವ ಕಸುಬಿಗೆ ಗ್ರಂಥಾಲಯದಲ್ಲಿ ಇದಕ್ಕಿಂತ ದೊಡ್ಡ ಉದ್ದೇಶ ಬೇಕಿಲ್ಲವೆಂದು ನಾನು ನಂಬಿದ್ದೇನೆ.

ಆ ಪಟ್ಟಿಯ ಮೊದಲ ಪ್ರಶ್ನೆ ಎಷ್ಟು ಭಾರವಾದದ್ದು ಎಂಬುದು ತಿಳಿದದ್ದು ಎದುರು ರಸ್ತೆಯಲ್ಲಿ ವಾಸಿಸುವ ಒಬ್ಬ ತಾಯಿಯಿಂದ. ಮಗಳನ್ನು ಶಾಲೆಗೆ ಬಿಡಲು ದಿನವೂ ಗ್ರಂಥಾಲಯದ ಮುಂದೆಯೇ ಹೋಗುತ್ತಿದ್ದ ಅವರು ಅದನ್ನು ಯಾವುದೋ ಸರ್ಕಾರಿ ಕಚೇರಿಯೆಂದೂ ಒಳಗೆ ಹೋಗಲು ಯಾರದೋ ಅನುಮತಿ ಬೇಕೆಂದೂ ಭಾವಿಸಿದ್ದರಂತೆ. ಸಂಕೋಚಪಡದೆ ಅದನ್ನು ನಮ್ಮೆದುರು ಹೇಳಿದ್ದಕ್ಕೆ ಅವರಿಗೆ ನಾವೆಲ್ಲರೂ ಕೃತಜ್ಞರು. ಗೇಟಿನ ಪಕ್ಕದ ಫಲಕದಲ್ಲಿ ಇಂದು ನೀವು ಓದುತ್ತಿರುವ "ಯಾರು ಬೇಕಾದರೂ ಒಳಗೆ ಬಂದು ಕುಳಿತು ಓದಬಹುದು. ಇದಕ್ಕೆ ಹಣವಿಲ್ಲ, ಅನುಮತಿ ಬೇಡ" ಎಂಬ ಮಾತುಗಳು ಅವರ ಪ್ರಶ್ನೆಗೆ ಕೊಟ್ಟ ಉತ್ತರವೇ ಆಗಿವೆ. ಇಲಾಖೆಯ ಅಧಿಕೃತ ನಾಮಫಲಕವನ್ನೂ ಸರ್ಕಾರದ ಲಾಂಛನವನ್ನೂ ಮುಟ್ಟದೆ, ಅವುಗಳ ಪಕ್ಕದಲ್ಲಿ ಎಲ್ಲಿ ಏನು ಮಾಡಬಹುದೆಂಬ ಎಲ್ಲೆಯನ್ನು ಆರಂಭದಲ್ಲೇ ತಾಳ್ಮೆಯಿಂದ ತಿಳಿಸಿಕೊಟ್ಟ ಅಧಿಕಾರಿಗಳಿಗೂ ಇಲ್ಲಿಯೇ ವಂದನೆ ಸಲ್ಲಿಸುತ್ತೇನೆ.

ಆ ಫಲಕವನ್ನು ಬರೆದ ಹಿರಿಯ ಕಲಾವಿದರ ಬಗ್ಗೆ ಸ್ವಲ್ಪ ವಿವರವಾಗಿ ಹೇಳಬೇಕು. ಪ್ಲಾಸ್ಟಿಕ್ ಫ್ಲೆಕ್ಸ್ ಬಳಕೆಯನ್ನು ರಾಜ್ಯ ಸರ್ಕಾರ 2016ರಲ್ಲೇ ನಿಷೇಧಿಸಿದೆ. ಹಾಗಿದ್ದರೂ ಕೈಯಲ್ಲಿ ಬೋರ್ಡು ಬರೆಯುವವರಿಗೆ ಕೆಲಸ ಮೊದಲಿನಂತೆ ಮರಳಿ ಬಂದಿಲ್ಲ. ನಾವು ತಗಡಿನ ಫಲಕಕ್ಕೆ ಎನಾಮಲ್ ಬಣ್ಣದಲ್ಲಿ ಬರೆಸುವುದೆಂದು ನಿರ್ಧರಿಸಿ ಅವರನ್ನು ಕೇಳಿಕೊಂಡಾಗ ಅವರು ನನ್ನ ಕಂಪ್ಯೂಟರಿನ ನಕ್ಷೆಯನ್ನು ಪಕ್ಕಕ್ಕಿಟ್ಟುಕೊಂಡು, ಪ್ರೈಮರ್ ಒಣಗಿದ ತಗಡಿನ ಮೇಲೆ ಸೀಮೆಸುಣ್ಣ ಸವರಿದ ದಾರವನ್ನು ಎಳೆದು ಮೀಟಿ ಗೆರೆಗಳನ್ನು ಮೂಡಿಸಿದರು. ಎರಡು ಸಾಲುಗಳ ನಡುವಿನ ಅಂತರವನ್ನು ಬೆರಳಿನಲ್ಲಿ ಅಳೆದು, "ಒತ್ತಿನ ಕೆಳಗೆ ಇನ್ನೆರಡು ಬೆರಳು ಬಿಡೋಣ ಸಾರ್, ಇಲ್ಲಾಂದ್ರೆ ಕೆಳಗಿನ ಸಾಲಿನ ತಲೆಕಟ್ಟಿಗೆ ತಾಗುತ್ತೆ" ಎಂದರು. ಒತ್ತಕ್ಷರಗಳು ಕೆಳಗೆ ಇಳಿಯುವ, ಗುಡಿಸು ಮೇಲಕ್ಕೆ ಏರುವ ನಮ್ಮ ಲಿಪಿಗೆ ಇಂಗ್ಲಿಷಿಗಿಂತ ಹೆಚ್ಚು ಸಾಲಂತರ ಬೇಕೆಂಬುದು ಅಕ್ಷರ ವಿನ್ಯಾಸದ ಮೊದಲ ಪಾಠಗಳಲ್ಲಿ ಒಂದು. ಅದನ್ನು ಅವರು ಯಾವ ಪುಸ್ತಕವನ್ನೂ ಓದದೆ ಜೀವಮಾನದ ದುಡಿಮೆಯಿಂದ ಅರಿತಿದ್ದಾರೆ. "ಸಾರ್ವಜನಿಕ" ಎಂಬಲ್ಲಿನ ಅರ್ಕಾವತ್ತನ್ನು ಅವರು ಒಂದೇ ಎಳೆತಕ್ಕೆ ಬರೆದು ಮುಗಿಸಿದ್ದನ್ನು ಸುತ್ತ ನಿಂತು ನೋಡಿದ ಮಕ್ಕಳು ಅನಂತರ ನೆಲದ ಮೇಲೆ ಸೀಮೆಸುಣ್ಣದಿಂದ ಅದನ್ನೇ ಬರೆದು ನೋಡುತ್ತಿದ್ದರು. ಅವರು ಕೂಲಿಯಲ್ಲಿ ಅರ್ಧವನ್ನಷ್ಟೇ ಪಡೆದರು ಎಂಬುದನ್ನೂ ಊರಿನವರು ತಿಳಿದಿರಬೇಕು.

ಲಾಂಛನದ ವಿಚಾರದಲ್ಲಿ ನನ್ನ ಋಣ ಒಬ್ಬ ನಿವೃತ್ತ ಮೇಷ್ಟ್ರಿಗೆ ಸಲ್ಲಬೇಕು. ಹಾಸನವೆಂದರೆ ಹೊಯ್ಸಳ ಲಾಂಛನವೆಂಬುದು ಎಲ್ಲರ ಮನಸ್ಸಿಗೆ ಮೊದಲು ಬರುವ ಮಾತು. ಬೇಲೂರು, ಹಳೇಬೀಡು ಮತ್ತು ಸೋಮನಾಥಪುರದ ದೇವಾಲಯಗಳು 2023ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಮೇಲೆ ಆ ಅಭಿಮಾನ ಇನ್ನಷ್ಟು ಹೆಚ್ಚಿದೆ. ಅದು ಸಹಜವೂ ಹೌದು. ಆದರೆ ಹೋಟೆಲಿನಿಂದ ಹಿಡಿದು ಟ್ರಾವೆಲ್ಸ್ ಬಸ್ಸಿನವರೆಗೆ ಎಲ್ಲೆಡೆ ಇರುವ ಆ ಚಿತ್ರ ಗ್ರಂಥಾಲಯವನ್ನು ಬೇರೆಯಾಗಿ ಗುರುತಿಸಲಾರದು. ಸಾಲದ್ದಕ್ಕೆ ಅದರ ಕುಸುರಿ ಮೊಹರಿನ ಗಾತ್ರಕ್ಕೆ ಇಳಿಸಿದರೆ ಕಾಣುವುದೇ ಇಲ್ಲ. ಆಗ ಮೇಷ್ಟ್ರು ಹಲ್ಮಿಡಿಯನ್ನು ನೆನಪಿಸಿದರು. ಸುಮಾರು ಕ್ರಿ.ಶ. 450ರದೆಂದು ವಿದ್ವಾಂಸರು ಹೇಳುವ ಆ ಕನ್ನಡ ಶಾಸನ ನಮ್ಮದೇ ಜಿಲ್ಲೆಯ ಬೇಲೂರು ತಾಲ್ಲೂಕಿನ ಊರಿನದು. 1936ರಲ್ಲಿ ಪುರಾತತ್ವ ವಿದ್ವಾಂಸ ಡಾ. ಎಂ. ಎಚ್. ಕೃಷ್ಣ ಅವರಿಂದ ಬೆಳಕಿಗೆ ಬಂದ ಆ ಕಲ್ಲಿನ ಮೇಲೆ ಇರುವುದು 16 ಸಾಲುಗಳು. ಬರೆದದ್ದನ್ನು ಕಾಪಾಡಿ ಮುಂದಿನವರಿಗೆ ದಾಟಿಸುವುದೇ ಗ್ರಂಥಾಲಯದ ಕೆಲಸವಾದ್ದರಿಂದ ಈ ಜಿಲ್ಲೆಯ ಗ್ರಂಥಾಲಯಕ್ಕೆ ಅದಕ್ಕಿಂತ ಸರಿಯಾದ ಗುರುತು ಮತ್ತೊಂದಿಲ್ಲವೆಂದು ಅವರು ವಾದಿಸಿದರು. ಆದರೆ ಶಾಸನದ ಹಳೆಯ ಅಕ್ಷರಗಳನ್ನು ನಕಲು ಮಾಡಬಾರದೆಂದೂ ಓದಲಾಗದ ಬರಹವನ್ನು ಬಾಗಿಲಲ್ಲಿ ಇಟ್ಟರೆ ಓದಲು ಬಂದ ಮಗು ಹೆದರುತ್ತದೆಂದೂ ಎಚ್ಚರಿಸಿದರು. ಆದ್ದರಿಂದಲೇ ನಮ್ಮ ಲಾಂಛನದಲ್ಲಿ ಅಕ್ಷರಗಳಿಲ್ಲ. ನೆಟ್ಟಗೆ ನಿಂತ ಕಲ್ಲಿನ ಆಕಾರದೊಳಗೆ ಉದ್ದ ಬೇರೆಬೇರೆಯಾದ 16 ಅಡ್ಡಗೆರೆಗಳಿವೆ. ಅದು ಕಲ್ಲಾಗಿಯೂ ಕಾಣುತ್ತದೆ, ತೆರೆದ ಪುಟವಾಗಿಯೂ ಕಾಣುತ್ತದೆ.

ಅದೇ ಲಾಂಛನವನ್ನು ಮೊಹರಿಗೆ ಇಳಿಸುವಾಗ ನೆರವಾದವರು ರಬ್ಬರ್ ಸ್ಟಾಂಪು ಮಾಡುವ ಅಂಗಡಿಯವರು. ಅಷ್ಟು ಚಿಕ್ಕ ಗಾತ್ರದಲ್ಲಿ 16 ಗೆರೆಗಳ ನಡುವೆ ಶಾಯಿ ತುಂಬಿಕೊಳ್ಳುತ್ತದೆಂದು ತಿಳಿಸಿ ಮೊಹರಿಗೆ ನಾಲ್ಕೇ ಗೆರೆಗಳ ರೂಪ ಸಾಕೆಂದವರು ಅವರು. "ಗ್ರಂಥಾಲಯ" ಎಂಬ ಪದದಲ್ಲಿ "ಥಾ" ಅಕ್ಷರದ ಹೊಟ್ಟೆಯೊಳಗಿನ ಚುಕ್ಕೆ ಶಾಯಿಯಲ್ಲಿ ಮುಚ್ಚಿಹೋಗದಂತೆ ತೆಳುವಾದ ಅಕ್ಷರವನ್ನು ಆರಿಸಿ, ಬೇರೆಬೇರೆ ಕಾಗದದ ಮೇಲೆ ಒತ್ತಿ ನೋಡಿ, ಆ ಚುಕ್ಕೆ ಸ್ಪಷ್ಟವಾಗಿ ಮೂಡುವ ತನಕ ಬಿಡಲಿಲ್ಲ. ಇಂತಹ ಶ್ರದ್ಧೆಯನ್ನು ಬಿಲ್ಲಿನಲ್ಲಿ ನಮೂದಿಸಲು ಸಾಧ್ಯವಿಲ್ಲ.

ಇನ್ನು ಕಪಾಟುಗಳ ವಿಷಯ. ನನ್ನ ದೃಷ್ಟಿಯಲ್ಲಿ ಇಡೀ ಕೆಲಸದಲ್ಲಿ ಓದುಗರಿಗೆ ಅತ್ಯಂತ ಹೆಚ್ಚು ಉಪಯೋಗವಾಗಿರುವುದು ಇದೇ ಭಾಗ, ಮತ್ತು ಇದು ಪೂರ್ತಿಯಾಗಿ ಗ್ರಂಥಾಲಯ ಸಹಾಯಕರ ಕೊಡುಗೆ. ವಿಷಯಕ್ಕೊಂದು ಸಂಖ್ಯೆ ಕೊಟ್ಟು ಪುಸ್ತಕಗಳನ್ನು ಜೋಡಿಸುವ ಡ್ಯೂಯಿ ದಶಮಾಂಶ ವರ್ಗೀಕರಣದಲ್ಲಿ ಕನ್ನಡ ಸಾಹಿತ್ಯದ ಸಂಖ್ಯೆ 894.814. ಅದರ ಕೊನೆಗೆ 1 ಬಂದರೆ ಕಾವ್ಯ, 2 ಬಂದರೆ ನಾಟಕ, 3 ಬಂದರೆ ಕಥೆ ಮತ್ತು ಕಾದಂಬರಿ, 4 ಬಂದರೆ ಪ್ರಬಂಧ. ಕನ್ನಡ ಪುಸ್ತಕಗಳೇ ಹೆಚ್ಚಾಗಿರುವ ಗ್ರಂಥಾಲಯದಲ್ಲಿ ಸಾಹಿತ್ಯದ ಕಪಾಟುಗಳ ಎಲ್ಲ ಪುಸ್ತಕಗಳ ಬೆನ್ನಿನಲ್ಲಿಯೂ ಮೊದಲ ಆರು ಅಂಕಿಗಳು ಒಂದೇ ಆಗಿರುತ್ತವೆ, ಓದುಗರಿಗೆ ನಿಜವಾಗಿ ಬೇಕಾದ ವ್ಯತ್ಯಾಸ ಕೊನೆಯಲ್ಲಿ ಬರುವ ಒಂದೇ ಒಂದು ಅಂಕಿಯಲ್ಲಿ ಅಡಗಿರುತ್ತದೆ. ಇದನ್ನು ಎತ್ತಿ ತೋರಿಸಿ, ಆ ಕೊನೆಯ ಅಂಕಿಗೆ ಒಂದೊಂದು ಬಣ್ಣ ಕೊಡೋಣವೆಂದು ಸೂಚಿಸಿದವರು ಅವರು. ಸ್ಪರ್ಧಾತ್ಮಕ ಪರೀಕ್ಷೆಗೆ ಓದಲು ಬರುವ ಯುವಕರೊಬ್ಬರು ತಮಗೆ ಕೆಂಪು ಮತ್ತು ಹಸಿರು ಒಂದೇ ಬಗೆಯಾಗಿ ಕಾಣುತ್ತವೆಂದು ತಿಳಿಸಿದ ಮೇಲೆ ಬಣ್ಣದ ಜೊತೆಗೆ ಆಕಾರವೂ ಸೇರಿತು. ಕಾವ್ಯಕ್ಕೆ ವೃತ್ತ, ನಾಟಕಕ್ಕೆ ತ್ರಿಕೋನ, ಕಾದಂಬರಿಗೆ ಚೌಕ, ಪ್ರಬಂಧಕ್ಕೆ ಅಡ್ಡಪಟ್ಟಿ. ಪ್ರತಿಯೊಂದು ಪುಸ್ತಕದ ಬೆನ್ನಿನಲ್ಲೂ ಚೀಟಿ ಒಂದೇ ಎತ್ತರಕ್ಕೆ ಬರುವಂತೆ ಸಹಾಯಕರು ರಟ್ಟಿನಲ್ಲಿ ಒಂದು ಅಳತೆಪಟ್ಟಿ ಕತ್ತರಿಸಿಕೊಂಡು, ಪುಸ್ತಕವನ್ನು ಮೇಜಿನ ಮೇಲೆ ನಿಲ್ಲಿಸಿ, ಪಟ್ಟಿಯನ್ನು ಅದಕ್ಕೆ ಒರಗಿಸಿ, ಒಂದೊಂದಾಗಿ ಅಂಟಿಸಿದರು. ಈಗ ಕಪಾಟಿನ ಮುಂದೆ ನಿಂತರೆ ತಪ್ಪು ಜಾಗಕ್ಕೆ ಸೇರಿದ ಪುಸ್ತಕ ದೂರದಿಂದಲೇ ಕಣ್ಣಿಗೆ ಬೀಳುತ್ತದೆ.

ನಮ್ಮನ್ನು ವಿರೋಧಿಸಿದ ಒಬ್ಬ ಹಿರಿಯ ಓದುಗರಿಗೂ ನಾನು ಮನಃಪೂರ್ವಕವಾಗಿ ಕೈಮುಗಿಯುತ್ತೇನೆ. 1965ರ ಸಾರ್ವಜನಿಕ ಗ್ರಂಥಾಲಯ ಕಾಯ್ದೆಯ ಪ್ರಕಾರ ಆಸ್ತಿ ತೆರಿಗೆಯೊಂದಿಗೆ ನಾವು ಗ್ರಂಥಾಲಯ ಕರವನ್ನೂ ಕಟ್ಟುತ್ತೇವೆ. ಜನ ಪುಸ್ತಕಕ್ಕೆಂದು ಕೊಟ್ಟ ಆ ಹಣದಲ್ಲಿ ಒಂದು ರೂಪಾಯಿಯನ್ನೂ ಅಂದಕ್ಕೆ ಖರ್ಚು ಮಾಡಬಾರದು, ಮಾಸಿದ ಗೋಡೆಯ ನಡುವೆ ಕುಳಿತು ಓದಬಹುದು, ಆದರೆ ಪುಸ್ತಕವೇ ಇಲ್ಲದಿದ್ದರೆ ಓದುವುದೇನನ್ನು ಎಂದು ಅವರು ಸಭೆಯಲ್ಲಿ ಖಂಡತುಂಡವಾಗಿ ಹೇಳಿದರು. ಅವರ ಮಾತು ನ್ಯಾಯವಾದದ್ದು. ಅದಕ್ಕೆ ಒಪ್ಪಿ, ಫಲಕ ಮತ್ತು ಮೊಹರಿನ ಖರ್ಚನ್ನು ಬಡಾವಣೆಯ ದಾನಿಗಳಿಂದ ಭರಿಸಿದೆವು. ಉಳಿದ ಎಲ್ಲವನ್ನೂ ಗ್ರಂಥಾಲಯದಲ್ಲಿರುವ ಕಪ್ಪು-ಬಿಳುಪು ಪ್ರಿಂಟರಿನಲ್ಲಿ ಸಿಬ್ಬಂದಿಯೇ ಮುದ್ರಿಸಿಕೊಳ್ಳುವಂತೆ ರೂಪಿಸಿದೆವು. ನೀವು ಕಾಣುವ ಬಣ್ಣಗಳೆಲ್ಲ ಸ್ಟೇಷನರಿ ಅಂಗಡಿಯಲ್ಲಿ ಸಿಗುವ ಬಣ್ಣದ ಹಾಳೆಯವು, ಶಾಯಿ ಮಾತ್ರ ಕಪ್ಪು. ಚೀಟಿ ಹರಿದರೆ, ಹೊಸ ಕಪಾಟು ಬಂದರೆ, ಸಮಯ ಬದಲಾದರೆ ಇನ್ನು ಯಾವ ವಿನ್ಯಾಸಕಾರನನ್ನೂ ಕರೆಯಬೇಕಾಗಿಲ್ಲ. ಅವರ ಆಕ್ಷೇಪಣೆ ಇಲ್ಲದಿದ್ದರೆ ಕೆಲಸ ಇಷ್ಟು ಬಾಳಿಕೆಯದಾಗುತ್ತಿರಲಿಲ್ಲ.

ಇದೆಲ್ಲಕ್ಕೂ ಒಳ್ಳೆಯ ಕನ್ನಡ ಅಕ್ಷರಗಳು ಬೇಕಿದ್ದವು. ತಲೆಬರಹಗಳಿಗೆ ಬಳಸಿರುವ ಬಾಲೂ ತಮ್ಮ, ಸಣ್ಣ ಬರಹಕ್ಕೆ ಬಳಸಿರುವ ನೋಟೊ ಸ್ಯಾನ್ಸ್ ಕನ್ನಡ, ಎರಡೂ ಮುಕ್ತ ಪರವಾನಗಿಯ ಫಾಂಟುಗಳು. ಯಾರು ಬೇಕಾದರೂ ಹಣ ಕೊಡದೆ ಬಳಸಲಿ ಎಂದು ಅವುಗಳನ್ನು ರೂಪಿಸಿ ಹಂಚಿದ, ನಾವು ಎಂದೂ ಕಾಣದ ಆ ಅಕ್ಷರಕಾರರಿಗೂ ಹಾಸನದಿಂದ ವಂದನೆಗಳು ಸಲ್ಲಲಿ. ಹಳೆಯ ಪುಸ್ತಕಪಟ್ಟಿ "ನುಡಿ" ಎಂಬ ಕನ್ನಡ ತಂತ್ರಾಂಶದ ಹಳೆಯ ಕಡತದಲ್ಲಿತ್ತು, ಎಲ್ಲ ಕಂಪ್ಯೂಟರುಗಳಿಗೂ ಸಾಮಾನ್ಯವಾದ ಅಕ್ಷರ ಸಂಕೇತವಾದ ಯುನಿಕೋಡಿನಲ್ಲಿ ಇರಲಿಲ್ಲ. ಅದನ್ನು ಯುನಿಕೋಡಿಗೆ ತಂದವರು ಕಾಲೇಜಿನ ವಿದ್ಯಾರ್ಥಿನಿಯರು. ಹಳೆಯ ಕಡತದಲ್ಲಿ ಅರ್ಕಾವತ್ತು ವ್ಯಂಜನದ ನಂತರ ಇರುತ್ತದೆ, ಯುನಿಕೋಡಿನಲ್ಲಿ "ರ್" ಮೊದಲು ಬರಬೇಕು. ಪರಿವರ್ತಕ ತಂತ್ರಾಂಶ ಅಲ್ಲಲ್ಲಿ ಎಡವಿದ "ಸೂರ್ಯ", "ಧರ್ಮ", "ವರ್ಷ"ಗಳನ್ನು ಅವರು ಸಾಲುಸಾಲಾಗಿ ಓದಿ ತಿದ್ದಿದ್ದಾರೆ. ಈಗ ಪಟ್ಟಿಯಲ್ಲಿ ಪುಸ್ತಕದ ಹೆಸರನ್ನು ಕನ್ನಡದಲ್ಲೇ ಟೈಪಿಸಿ ಹುಡುಕಬಹುದು.

ಹೊಳೆಯುವ ಲ್ಯಾಮಿನೇಷನ್ ಮೇಲೆ ಟ್ಯೂಬ್‌ಲೈಟಿನ ಬೆಳಕು ಬಿದ್ದು ಅಕ್ಷರ ಕಾಣುವುದಿಲ್ಲವೆಂದು ಹೇಳಿ ಹೊಳಪಿಲ್ಲದ ಹಾಳೆಗೆ ಬದಲಾಯಿಸುವಂತೆ ಮಾಡಿದ, ಬೆಳಗಿನ ಪತ್ರಿಕೆಗೆ ಬರುವ ಹಿರಿಯರಿಗೂ ಮಕ್ಕಳ ಕಣ್ಣಿನ ಎತ್ತರಕ್ಕೆ ಸೂಚನೆಗಳ ಪಟ್ಟಿಗಳನ್ನು ಇಳಿಸಿ ಹೊಡೆದುಕೊಟ್ಟ ಬಡಗಿಯವರಿಗೂ ಸುಣ್ಣ ಬಳಿದ ದಿನಗಳಲ್ಲಿ ಪುಸ್ತಕಗಳನ್ನು ಧೂಳು ತಾಗದಂತೆ ಬಟ್ಟೆಯಿಂದ ಮುಚ್ಚಿ ಕಾಯ್ದ ಸ್ವಚ್ಛತಾ ಸಿಬ್ಬಂದಿಗೂ ನಾವು ಆಭಾರಿಗಳು.

ಲಾಂಛನ, ಚೀಟಿಗಳ ಮಾದರಿ ಮತ್ತು ಫಲಕದ ಅಳತೆಗಳ ಕಡತಗಳೆಲ್ಲವೂ ಗ್ರಂಥಪಾಲಕರ ಬಳಿ ಇವೆ. ಜಿಲ್ಲೆಯ ಗ್ರಾಮ ಪಂಚಾಯಿತಿ ಗ್ರಂಥಾಲಯಗಳವರು, ಶಾಲೆಗಳವರು ಚೀಟಿಗಳ ಮಾದರಿಯನ್ನು ತಮ್ಮ ಹೆಸರು ಹಾಕಿಕೊಂಡು ಬಳಸಬಹುದು. ಅದಕ್ಕೆ ನನ್ನ ಒಪ್ಪಿಗೆ ಕೇಳಬೇಕಾಗಿಲ್ಲ. ಮಕ್ಕಳ ವಿಭಾಗದ ಗೋಡೆಯ ಚಿತ್ರಗಳು ಮಾತ್ರ ಇನ್ನೂ ಬಾಕಿ ಇವೆ. ಬರೆಯಬಲ್ಲವರು, ಬಣ್ಣ ಕಲಸಿಕೊಡಬಲ್ಲವರು ಗ್ರಂಥಾಲಯದ ಕೌಂಟರಿನಲ್ಲಿ ಹೆಸರು ಕೊಡಬೇಕೆಂದು ವಿನಂತಿಸುತ್ತೇನೆ.