ಶಾಸಕರೇ, ನನ್ನ ಮಗಳ ಕನ್ನಡವನ್ನು ತಿದ್ದುವವರು ಯಾರು?

ಮಾನ್ಯ ಶಾಸಕರಿಗೆ ನಮಸ್ಕಾರ.

ನಾನು ಕೇರಳದ ಕಾಸರಗೋಡು ಜಿಲ್ಲೆಯ ಮಂಜೇಶ್ವರದ ಕಡೆಯವಳು. ಬೀಡಿ ಕಟ್ಟಿ ಸಂಸಾರ ನಡೆಸುತ್ತೇನೆ. ಮನೆಯಲ್ಲಿ ನಮ್ಮ ಮಾತು ತುಳು, ಓದು ಬರಹ ಕನ್ನಡ. ಹತ್ತನೇ ಕ್ಲಾಸಿನ ತನಕ ನಾನೂ ಕನ್ನಡದಲ್ಲೇ ಕಲಿತವಳು. ಮಗಳು ಈಗ ಎಂಟನೇ ಕ್ಲಾಸು, ಅವಳದ್ದೂ ಕನ್ನಡ ಮಾಧ್ಯಮ. ಈ ವಿಷಯಕ್ಕೆ ಮೂರು ಅರ್ಜಿ ಕೊಟ್ಟಾಗಿದೆ. ಒಂದಕ್ಕೂ ಉತ್ತರ ಇಲ್ಲ. ಅದಕ್ಕೇ ಎಲ್ಲರಿಗೂ ಕಾಣುವ ಹಾಗೆ ಬರೆಯುತ್ತಿದ್ದೇನೆ.

ಕೇಳುವುದು ಒಂದೇ. ನಮ್ಮ ಮಕ್ಕಳಿಗೆ ಕನ್ನಡದಲ್ಲಿ ತಪ್ಪಿಲ್ಲದೆ ಬರೆಯಲು ಕಲಿಸುವ ಒಂದು ಜಾಲತಾಣ ಮಾಡಿಸಿಕೊಡಿ. ಇಲ್ಲಿನ ಮಕ್ಕಳಿಗಾಗಿ, ಇಲ್ಲಿನ ಟೀಚರುಗಳ ಕೈಯಲ್ಲೇ ಮಾಡಿಸಿ.

ಯಾಕೆ ಅಂತ ಹೇಳುತ್ತೇನೆ. ಕಳೆದ ಮಳೆಗಾಲದಲ್ಲಿ ಶಾಲೆಯಲ್ಲಿ ಕನ್ನಡ ಟೀಚರ ಹುದ್ದೆ ಖಾಲಿ ಇತ್ತು. ಸಮಾಜ ಪಾಠಕ್ಕೆ ಬಂದವರಿಗೆ ಕನ್ನಡ ಬರುತ್ತಿರಲಿಲ್ಲ. ಅವರು ಮಳೆಗಾಲದ ಬಗ್ಗೆಯೇ ನಾಲ್ಕು ಪುಟ ಬರೆದು ತರಲು ಹೇಳಿದ್ದರು. ಮಗಳು ಎರಡು ರಾತ್ರಿ ಕೂತು ಬರೆದಳು. ಕರೆಂಟು ಹೋದಾಗ ಮೊಬೈಲಿನ ಬೆಳಕು ಹಿಡಿದವಳು ನಾನು. ಶುದ್ಧ ಪ್ರತಿ ಮಾಡುವಾಗ ಎರಡನೇ ಪುಟದ ಒಂದು ಪ್ಯಾರಾ ಮೂರನೇ ಪುಟದಲ್ಲೂ ಹಾಗೇ ಬಂದುಬಿಟ್ಟಿತು. ಕೊಟ್ಟ ಮೇಲೆ ಅವಳಿಗೆ ನೆನಪಾಯಿತು. ಬೈಯುತ್ತಾರೆ ಎಂದು ಹೆದರಿಕೊಂಡೇ ಶಾಲೆಗೆ ಹೋದಳು.

ಯಾರೂ ಬೈಯಲಿಲ್ಲ. ಪುಸ್ತಕ ವಾಪಸ್ ಬಂತು. ಪ್ರತಿ ಪುಟಕ್ಕೂ ಒಂದು ಕೆಂಪು ಗೀಟು. ಕೊನೆಯಲ್ಲಿ ಇಂಗ್ಲಿಷಿನಲ್ಲಿ 'ಗುಡ್'. ಒಂದು ಅಕ್ಷರ ತಿದ್ದಿರಲಿಲ್ಲ. "ಅಮ್ಮಾ, ಇದನ್ನು ಯಾರೂ ಓದಲೇ ಇಲ್ಲ" ಎಂದು ಮಗಳು ಅತ್ತಳು. ಬೈಸಿಕೊಂಡಿದ್ದರೂ ಅಷ್ಟು ಅಳುತ್ತಿರಲಿಲ್ಲ.

ಆ ಟೀಚರ ಮೇಲೆ ನನಗೆ ಸಿಟ್ಟಿಲ್ಲ. ಬಾರದ ಭಾಷೆಯನ್ನು ಅವರಾದರೂ ಹೇಗೆ ಓದುತ್ತಾರೆ? ಅವರನ್ನು ಕನ್ನಡ ಮಕ್ಕಳ ಮುಂದೆ ತಂದು ನಿಲ್ಲಿಸಿದವರ ಮೇಲೆ ಸಿಟ್ಟಿದೆ.

ಆಮೇಲೆ ಮಗಳು ಮೊಬೈಲ್ ಹಿಡಿದು ಕೂತಳು. ಮಳೆಗಾಲ ಯಾವ ಸಂಧಿ ಎಂದು ಹುಡುಕಿದರೆ ಒಂದು ಕಡೆ ಆದೇಶ, ಇನ್ನೊಂದು ಕಡೆ ಲೋಪ. ಮಳೆ, ಕಾಲ ಸೇರುವಾಗ ಕಕಾರ ಹೋಗಿ ಗಕಾರ ಬರುತ್ತದೆ, ಆದೇಶ ಸಂಧಿಯೇ ಸರಿ ಎಂದು ನಾನು ಹೇಳಿದೆ. ಆ ಒಂದು ನನಗೆ ನೆನಪಿತ್ತು. ಉಳಿದದ್ದಕ್ಕೆ ಯಾರನ್ನು ಕೇಳಲಿ? ಕಾಗುಣಿತ ನೋಡುವ ಆಪ್ ಹಾಕಿದೆವು. 'ಮನೆಯಲ್ಲಿದ್ದವರಿಗೆಲ್ಲ' ಎಂಬ ಸರಿಯಾದ ಪದಕ್ಕೂ ಅದು ಕೆಂಪು ಗೆರೆ ಎಳೆಯಿತು. ಒಂದು ಪದಕ್ಕೆ ನಾಲ್ಕು ಪ್ರತ್ಯಯ ಅಂಟಿಸಿ ಬರೆಯುವ ಭಾಷೆ ನಮ್ಮದು. ಅದು ಆ ಆಪ್‌ಗೆ ಗೊತ್ತಿರಲಿಲ್ಲ. ಮಗಳು ಸರಿ ಇದ್ದದ್ದನ್ನೂ ಅಳಿಸಲು ಹೊರಟಿದ್ದಳು.

ಕರ್ನಾಟಕದ ವಿಡಿಯೊ ನೋಡಿ ಎನ್ನುವವರಿದ್ದಾರೆ. ನೋಡುತ್ತೇವೆ. ಆದರೆ ಅಲ್ಲಿನ ಪಾಠಪುಸ್ತಕ ಬೇರೆ, ನಮ್ಮ ಪುಸ್ತಕ ಬೇರೆ. ಮತ್ತೆ ನಮ್ಮ ಮಕ್ಕಳ ತಪ್ಪುಗಳೂ ಬೇರೆಯೇ. ಮಲಯಾಳದಲ್ಲಿ ಅವಸರ ಎಂದರೆ ಅವಕಾಶ. ನನ್ನ ಮಗಳು "ಮಾತಾಡಲು ಅವಸರ ಸಿಕ್ಕಿತು" ಎಂದು ಬರೆಯುತ್ತಾಳೆ. ಆ ಭಾಷೆಯಲ್ಲಿ ಉಪನ್ಯಾಸ ಎಂದರೆ ಪ್ರಬಂಧ, ನಮಗೆ ಅದು ಭಾಷಣ. ಮಲಯಾಳದಲ್ಲಿ ಅವನು ಬಂದರೂ ಅವಳು ಬಂದರೂ ಕ್ರಿಯಾಪದ ಒಂದೇ. ಕನ್ನಡದಲ್ಲಿ ಬಂದನು, ಬಂದಳು ಬೇರೆ ಬೇರೆ. ಎರಡೂ ಭಾಷೆ ಓದುವ ಮಕ್ಕಳು ಇಲ್ಲೇ ಎಡವುತ್ತಾರೆ. ಇದು ಮಕ್ಕಳ ದಡ್ಡತನ ಅಲ್ಲ. ಬೆಂಗಳೂರಿನಲ್ಲಿ ಕೂತು ಪಾಠ ಮಾಡುವವರಿಗೆ ಈ ತಪ್ಪುಗಳು ಹೊಳೆಯುವುದೂ ಇಲ್ಲ. ಇಲ್ಲಿನ ಟೀಚರಿಗೆ ಮಾತ್ರ ಗೊತ್ತು.

ನನ್ನ ಅಣ್ಣನ ಮಗ ಕಾಲೇಜಿನಲ್ಲಿದ್ದಾನೆ. ಇಂಗ್ಲಿಷ್ ಪ್ರಬಂಧ ಬರೆಯಲು ಅಮೆರಿಕದ ಪರ್ಡ್ಯೂ ವಿಶ್ವವಿದ್ಯಾಲಯದ ಜಾಲತಾಣ ನೋಡುತ್ತಾನೆ. ಅದು 1994ರಿಂದ ಇದೆಯಂತೆ. ಅಲ್ಪವಿರಾಮ ಎಲ್ಲಿ ಹಾಕಬೇಕು, ಪ್ಯಾರಾ ಹೇಗೆ ಕಟ್ಟಬೇಕು, ಎಲ್ಲ ಇದೆ. ದುಡ್ಡು ಕೊಡಬೇಕಾಗಿಲ್ಲ. ದೂರದ ಊರಿನ ಇಂಗ್ಲಿಷ್ ನಮ್ಮ ಹುಡುಗನ ಕೈಗೆ ಬಂತು. ಗೋವಿಂದ ಪೈಗಳ ಊರಿನಲ್ಲಿ ನನ್ನ ಮಗಳಿಗೆ ಕನ್ನಡ ಸಿಗುತ್ತಿಲ್ಲ.

ಆಗುವುದಿಲ್ಲ ಎಂದು ಮಾತ್ರ ಹೇಳಬೇಡಿ. 2020ರಲ್ಲಿ ಕೊರೋನಾ ಬಂದಾಗ ಕೇರಳದಲ್ಲಿ ಜೂನ್ 1ಕ್ಕೇ ಫಸ್ಟ್ ಬೆಲ್ ಆನ್‌ಲೈನ್ ಪಾಠ ಶುರುವಾಯಿತು. ಕನ್ನಡ ಮಾಧ್ಯಮದ ಪಾಠಗಳೂ ಆಗ ತಯಾರಾದವು. ಮನಸ್ಸು ಮಾಡಿದ್ದಕ್ಕೆ ಆಯಿತು, ಅಲ್ವಾ?

ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಮಾತೃಭಾಷೆಯಲ್ಲಿ ಕಲಿಯುವ ಸೌಕರ್ಯ ಮಾಡಿಕೊಡಬೇಕು ಎನ್ನುವ ಸಂವಿಧಾನದ 350ಎ ವಿಧಿ ನಿಮಗೆ ಗೊತ್ತೇ ಇದೆ. ಅದು ಪ್ರಾಥಮಿಕ ಹಂತಕ್ಕೆ ಮಾತ್ರ ಎಂದು ಒಂದು ಕಚೇರಿಯಲ್ಲಿ ನನ್ನ ಬಾಯಿ ಮುಚ್ಚಿಸಿದರು. ಏಳರಿಂದ ಎಂಟಕ್ಕೆ ಹೋದ ಕೂಡಲೇ ಮಗುವಿನ ಭಾಷೆ ಬದಲಾಗುತ್ತದಾ? 1956ರ ನವೆಂಬರ್ 1ರಂದು ಈ ಊರನ್ನು ಕೇರಳಕ್ಕೆ ಸೇರಿಸುವಾಗ ನಮ್ಮನ್ನು ಯಾರೂ ಕೇಳಲಿಲ್ಲ. ಆ ಜಗಳ ನಾನು ತೆಗೆಯುವುದಿಲ್ಲ. ನಾನು ಕೇಳುವುದು ಒಂದು ಜಾಲತಾಣ. ವ್ಯಾಕರಣ ಇರಲಿ, ಪತ್ರ, ಪ್ರಬಂಧ ಬರೆಯುವ ರೀತಿ ಇರಲಿ, ಇಲ್ಲಿನ ತಪ್ಪುಗಳ ಪಟ್ಟಿ ಇರಲಿ. ಮಗು ಬರೆದು ಕಳಿಸಿದರೆ ಓದಿ ತಿದ್ದುವ ಒಬ್ಬ ಕನ್ನಡ ಟೀಚರು ಇರಲಿ. ವಿಧಾನಸಭೆಯಲ್ಲಿ ಕೇಳಿ, ಮಂತ್ರಿಗಳನ್ನು ಕೇಳಿ, ಹೇಗಾದರೂ ಮಾಡಿಸಿಕೊಡಿ.

ಜೂನ್‌ನಲ್ಲಿ ಮಗಳು ಒಂಬತ್ತಕ್ಕೆ ಹೋಗುತ್ತಾಳೆ. ಆ ನಾಲ್ಕು ಪುಟ ಇನ್ನೂ ಅವಳ ಚೀಲದಲ್ಲಿದೆ, ಒಂದೇ ಪ್ಯಾರಾ ಎರಡು ಸಲ ಇರುವ ಹಾಗೆಯೇ. ನೀವು ಉತ್ತರ ಬರೆಯುವುದಾದರೆ ದಯವಿಟ್ಟು ಕನ್ನಡದಲ್ಲಿ ಬರೆಯಿರಿ. ಅವಳಿಗೇ ಓದಲು ಕೊಡುತ್ತೇನೆ.

ಇತಿ,
ಕನ್ನಡ ಮಾಧ್ಯಮದ ಹುಡುಗಿಯ ತಾಯಿ
ಮಂಜೇಶ್ವರ